ಚಹಾ ಚೆಲ್ಲಿದ ಪಟ್ಟಿ

ಬಹಳ ದಿನದಿಂದ ಬರೆಯಬೇಕು ಅಂದುಕೊಂಡಿದ್ದೆ. ಸಣ್ಣ ಸಂಗತಿ, ಸ್ವಲ್ಪ ನಾಚಿಕೆಯದೂ ಹೌದು. ಅದಕ್ಕೇ ಮುಂದೆ ಹಾಕುತ್ತ ಬಂದೆ.

ನಾನಿರುವುದು ಸಾಂಗಲಿ ಜಿಲ್ಲೆ ಜತ್ತ ತಾಲೂಕಿನ ಪೂರ್ವ ಭಾಗದಲ್ಲಿ. ನಮ್ಮದು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆ. ಮಕ್ಕಳ ಕೈಯಲ್ಲಿ ಬಾಲಭಾರತಿಯ ಕನ್ನಡ ಪುಸ್ತಕ, ಕಚೇರಿಯ ಕಾಗದವೆಲ್ಲ ಮರಾಠಿ. ಟಿ.ಸಿ.ಎಚ್., ಬಿ.ಎ. ಎರಡನ್ನೂ ಕನ್ನಡದಲ್ಲೇ ಮಾಡಿದ ನನಗೆ ಮೊದಮೊದಲು ಒಂದು ಅರ್ಜಿ ಬರೆಯಲಿಕ್ಕೂ ಪಕ್ಕದವರ ಮುಖ ನೋಡಬೇಕಾಗುತ್ತಿತ್ತು. ಈಗ ರೂಢಿಯಾಗಿದೆ.

ಇದು ಮಳೆ ಕಡಿಮೆಯ ಸೀಮೆ. ದೀಪಾವಳಿ ಹೊತ್ತಿಗೆ ಕಬ್ಬಿನ ಹಂಗಾಮು ಸುರುವಾದರೆ ವಸ್ತಿಗಳು ಖಾಲಿಯಾಗುತ್ತವೆ. ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’. ಮುಕಾದಮನಿಂದ ಮೊದಲೇ ಉಚಲ ತೆಗೆದುಕೊಂಡಿರುತ್ತಾರೆ, ಹೋಗಲೇಬೇಕು. ಕೆಲವರು ಮಕ್ಕಳನ್ನೂ ಕರೆದೊಯ್ಯುತ್ತಾರೆ. ಹಾಗೆ ಹೋಗುವ ಮಕ್ಕಳ ಪಟ್ಟಿ ಮಾಡಿ, ಹೋದಲ್ಲಿ ಶಾಲೆಗೆ ಸೇರಲು ಅನುಕೂಲವಾಗಲೆಂದು ‘ಶಿಕ್ಷಣ ಹಮಿ ಕಾರ್ಡ್’ ಕೊಡುವುದು ನಮ್ಮ ಕೆಲಸ.

2022ರ ಡಿಸೆಂಬರಿನ ಒಂದು ಶುಕ್ರವಾರ. ಪಟ್ಟಿ ಸಿದ್ಧವಾಗಿತ್ತು. ಜೆಲ್ ಪೆನ್ನಿನಲ್ಲಿ, ಅಡ್ಡಗೆರೆ ಹೊಡೆದು, ನನಗೇ ಹೆಮ್ಮೆಯಾಗುವಷ್ಟು ಚಂದಾಗಿ ಬರೆದಿದ್ದೆ. ಸೋಮವಾರ ಕೇಂದ್ರಪ್ರಮುಖರಿಗೆ ಕೊಡಬೇಕು. ಹಾಜರಿ ಪುಸ್ತಕ ತೆಗೆಯಲು ಕೈ ಚಾಚಿದೆ, ಮೊಣಕೈ ತಾಗಿ ಚಹಾದ ಕಪ್ಪು ಉರುಳಿತು. ಹಾಳೆ ಎತ್ತಿ ಒರೆಸಿದಷ್ಟೂ ಶಾಯಿ ಹರಡಿತು. ಹೆಸರುಗಳೆಲ್ಲ ನೀಲಿ ಕೆಸರು!

ಹೋಗಲಿ, ನೆನಪಿನಿಂದ ಬರೆದರಾಯಿತು ಎಂದು ಹೊಸ ಹಾಳೆ ತೆಗೆದೆ. ಊರೊಳಗಿನ ಮಕ್ಕಳ ಹೆಸರು ಸರಸರ ಬಂದವು. ದೂರದ ಮೂರು ವಸ್ತಿಗಳಿಗೆ ಬಂದಾಗ ಪೆನ್ನು ನಿಂತಿತು. ಒಂದು ಹೆಸರೂ ನೆನಪಾಗಲಿಲ್ಲ. ಯಾಕೆಂದರೆ ಆ ಮನೆಗಳಿಗೆ ನಾನು ಹೋಗಿಯೇ ಇರಲಿಲ್ಲ. ಹಿಂದಿನ ವರ್ಷದ ಪಟ್ಟಿ ಎದುರಿಗಿಟ್ಟುಕೊಂಡು ತರಗತಿಯ ಅಂಕಿಗೆ ಒಂದೊಂದು ಕೂಡಿಸಿ ಇಳಿಸಿದ್ದೆ. ಯಾವ ಕಾರ್ಖಾನೆಗೆ ಹೋಗಿದ್ದಾರೆ ಎಂಬುದನ್ನೂ! ನಕಲು ಮಾಡಿದರೆ ಹುಡುಗರಿಗೆ ಕಿವಿ ಹಿಂಡುವವನು ನಾನು.

ಹಳೆಯ ಪಟ್ಟಿ ಕಪಾಟಿನಲ್ಲೇ ಇತ್ತು, ಹತ್ತು ನಿಮಿಷದ ಕೆಲಸ. ಕೀಲಿ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತೆ. ತೆಗೆಯಲಿಲ್ಲ.

ಮರುದಿನ ಶನಿವಾರ, ಮುಂಜಾನೆ ಶಾಲೆ. ಬಿಟ್ಟ ಮೇಲೆ ಖಾಲಿ ಹಾಳೆ ಹಿಡಿದು ಗಾಡಿ ಹತ್ತಿದೆ. ಮೊದಲ ವಸ್ತಿಯಲ್ಲಿ ಬೀಗ, ಎರಡನೆಯದರಲ್ಲಿ ಬರೀ ಮುದುಕರು. ಅಲ್ಲಿಯ ಒಬ್ಬ ಹುಡುಗ ಸೋದರಮಾವನ ಊರಿಗೆ ಹೋಗಿ ಅಲ್ಲೇ ಶಾಲೆ ಸೇರಿದ್ದನಂತೆ. ಮೂರನೆಯ ವಸ್ತಿಯಲ್ಲಿ, ಬೇವಿನ ಗಿಡದ ಕೆಳಗೆ ನನ್ನದೇ ಮೂರನೆಯ ತರಗತಿಯ ಹುಡುಗಿ ಭಾಂಡಿ ತಿಕ್ಕುತ್ತಿದ್ದಳು. ಪಕ್ಕದಲ್ಲಿ ಮಣ್ಣಾಡುವ ತಮ್ಮ.

ದೀಪಾವಳಿ ಸೂಟಿ ಮುಗಿದ ಮೇಲೆ ಈಕೆ ಬಂದಿರಲಿಲ್ಲ. ಹೋದ ವರ್ಷದ ಹಾಗೆ ಕಬ್ಬಿಗೆ ಹೋಗಿರಬೇಕೆಂದು ನಾನೇ ತೀರ್ಮಾನಿಸಿದ್ದೆ. ಯಾರ ಕೈಯಲ್ಲಾದರೂ ಕಳಿಸಿದರಾಯಿತೆಂದು ಕಾರ್ಡ್ ಬರೆದೂ ಇಟ್ಟಿದ್ದೆ. ಶಾಲೆಯಿಂದ ಮೂರು ಕಿಲೋಮೀಟರ್ ಆಗಲಿಕ್ಕಿಲ್ಲ ಈ ಮನೆ.

“ನೀ ಹೋಗಿಲ್ಲೇನವ್ವ?”

“ಇಲ್ರಿ ಗುರೂಜಿ. ತಮ್ಮನ್ನ ನೋಡ್ಕೊಳ್ಳಾಕ ಬಿಟ್ಟು ಹೋಗ್ಯಾರ್ರಿ.”

“ಮತ್ತ ಸಾಲಿಗಿ ಯಾಕ ಬರ್ಲಿಲ್ಲ?”

ಅವಳು ಕೈಯ ಬೂದಿ ನೋಡುತ್ತ ನಿಂತಳು. “ನೀವು ಕರೀಲಿಲ್ಲಲ್ರಿ.”

ಒಳಗಿನಿಂದ ಅಜ್ಜಿ ಬಂದರು. “ಸಾಲ್ಯಾಗ ಹೆಸರ ತಗದಾರಂತ ಯಾರೋ ಅಂದ್ರು ಗುರೂಜಿ. ಹೌದೇನ್ರಿ?” ಇಲ್ಲ ಅಂದೆ. ಹಾಜರಿ ಪುಸ್ತಕದಲ್ಲಿ ಹೆಸರಿತ್ತು, ಅದು ಸುಳ್ಳಲ್ಲ. ಆದರೆ ಒಂದೂವರೆ ತಿಂಗಳಿಂದ ಅದನ್ನು ಕೂಗುವಾಗ ನಾನು ತಲೆ ಎತ್ತಿಯೂ ನೋಡಿರಲಿಲ್ಲ.

ಹಾಳೆ, ಪೆನ್ನು ಅವಳಿಗೇ ಕೊಟ್ಟೆ. ಕಬ್ಬಿಗೆ ಹೋದವರ ಹಾಳೆಯಲ್ಲ, ಅದರ ಹಿಂದಿನದು, ‘ಊರಲ್ಲೇ ಇದ್ದು ಶಾಲೆಗೆ ಬಾರದವರು’ ಎಂದು ದಾರಿಯಲ್ಲಿ ಬರೆದುಕೊಂಡದ್ದು. ಅದರಲ್ಲಿ ಅವಳೊಬ್ಬಳೇ. ಹೆಸರು ಕನ್ನಡದಲ್ಲಿ ಬರೆದಳು, ನಿಧಾನವಾಗಿ. ಮೊದಲಕ್ಷರದಲ್ಲಿ ಹ್ರಸ್ವ ‘ಒ’. ಮರಾಠಿಯಲ್ಲಿ ಬರೆದರೆ ಹ್ರಸ್ವ ದೀರ್ಘ ಎರಡಕ್ಕೂ ಒಂದೇ ಗುರುತು. ನನ್ನ ಪಟ್ಟಿಗಳಲ್ಲಿ ಅವಳ ಹೆಸರು ಎರಡು ವರ್ಷದಿಂದ ಎಳೆದುಕೊಂಡೇ ಇತ್ತು. ಕೊನೆಯ ಒತ್ತಕ್ಷರ ತಪ್ಪಿ ತಾನೇ ಹೊಡೆದು, ಕೆಳಗೆ ಮತ್ತೆ ಪೂರ್ತಿ ಬರೆದಳು.

ತಮ್ಮನನ್ನೂ ಕರಕೊಂಡು ಬಾ ಎಂದು ಹೇಳಿ ಬಂದೆ. ಹೊಸ ಪಟ್ಟಿ ಸೋಮವಾರ ಮುಗಿಯಲಿಲ್ಲ, ಎರಡು ದಿನ ತಡವಾಗಿ ಕೊಟ್ಟು ಬೈಸಿಕೊಂಡೆ. ಹುಡುಗಿ ಸೋಮವಾರ ಬರಲಿಲ್ಲ, ಮಂಗಳವಾರವೂ ಇಲ್ಲ. ಇನ್ನೊಮ್ಮೆ ಹೋಗಬೇಕೇನೋ ಅಂದುಕೊಳ್ಳುತ್ತಿರುವಾಗ ಬುಧವಾರ ಪ್ರಾರ್ಥನೆ ಹೊತ್ತಿಗೆ ಬಂದಳು, ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡು. ಅವನನ್ನು ಟೇಬಲ್ಲಿನ ಪಕ್ಕ ಕೂರಿಸಿ ಆಡಲು ಖಡು (ನಮ್ಮ ಕಡೆ ಚಾಕಿಗೆ ಹಾಗೇ ಅನ್ನುತ್ತಾರೆ) ಕೊಟ್ಟೆ. ಹಾಜರಿ ಕೂಗಿ ಮುಗಿಸುವಷ್ಟರಲ್ಲಿ ಅರ್ಧ ತಿಂದಿದ್ದ.