ಬಳಲಿಕೆಯ ಮದ್ದು

ಬಾಗಲಗುಂಟೆಯಿಂದ ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ದುಡಿಯಲು ಹೋಗುವ ಹೆಣ್ಣುಮಕ್ಕಳು ಹಲವರು. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕುಳಿತು, ಸಂಜೆ ಮನೆಗೆ ಬಂದೊಡನೆ ಒಲೆಯ ಮುಂದೆ ನಿಲ್ಲುವ ಈ ತಾಯಂದಿರ ಬಾಯಲ್ಲಿ ಒಂದೇ ಮಾತು: "ಯಾಕೋ ಸುಸ್ತು, ಕೈಕಾಲಿನಲ್ಲಿ ತ್ರಾಣವೇ ಇಲ್ಲ." ಔಷಧದ ಅಂಗಡಿಯವನು ಟಾನಿಕ್ಕಿನ ಸೀಸೆಯೊಂದನ್ನು ತೆಗೆದಿಡುತ್ತಾನೆ. ನರದೌರ್ಬಲ್ಯವೆಂಬ ಘನವಾದ ಹೆಸರೂ ಅದರೊಡನೆ ದೊರೆಯುತ್ತದೆ. ಸೀಸೆ ಬರಿದಾಗುತ್ತದೆ, ಸುಸ್ತು ಹಾಗೆಯೇ ಉಳಿಯುತ್ತದೆ.

ಬಳಲಿಕೆಯು ಲಕ್ಷಣವೇ ಹೊರತು ರೋಗವಲ್ಲ. ಪ್ರಾಚೀನ ವೈದ್ಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಚರಕಸಂಹಿತೆಯ ಚಿಕಿತ್ಸಾಸ್ಥಾನದ 16ನೆಯ ಅಧ್ಯಾಯವು ಪಾಂಡುರೋಗಕ್ಕೆ ಮೀಸಲು. ಪಾಂಡುವೆಂದರೆ ಬಿಳಿಚಿದ ಹಳದಿ. ಮೈ ಬಿಳಿಚುವುದು, ಬಲ ಕುಂದುವುದು, ಆಯಾಸ ಇವೆಲ್ಲವೂ ಅಲ್ಲಿ ಬರುತ್ತವೆ. ಮಣ್ಣು ತಿನ್ನುವ ಚಪಲವೂ ಅಲ್ಲಿ ಉಕ್ತವಾಗಿದೆ. ಇಂದಿನ ವೈದ್ಯರೂ ಹೆಂಗಸು ಗುಟ್ಟಾಗಿ ಮಣ್ಣನ್ನೋ ಹಸಿ ಅಕ್ಕಿಯನ್ನೋ ತಿನ್ನುವಳೆಂದು ತಿಳಿದರೆ ಮೊದಲು ಶಂಕಿಸುವುದು ಕಬ್ಬಿಣದ ಕೊರತೆಯನ್ನೇ. ಆ ಅಧ್ಯಾಯದ ನವಾಯಸ ಚೂರ್ಣದಲ್ಲಿ ಒಂಬತ್ತು ಮೂಲಿಕೆಗಳಿಗೆ ಒಂಬತ್ತು ಪಾಲು ಕಬ್ಬಿಣದ ಪುಡಿ! (ಇಂಥವನ್ನು ಬಲ್ಲ ವೈದ್ಯರ ಕೈಯಿಂದಲ್ಲದೆ ಸೇವಿಸಲಾಗದು.)

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರ ಪೈಕಿ ಶೇಕಡಾ 47.8 ಮಂದಿ ರಕ್ತಹೀನರು. ಹೀಗಿರುವಾಗ ರಕ್ತ ಪರೀಕ್ಷೆಗೆ ಮೊದಲೇ ಟಾನಿಕ್ಕು ಕೊಳ್ಳುವುದು, ರೋಗವನ್ನರಿಯದೆ ಮದ್ದನ್ನರೆದಂತೆ. ಬಸುರಿಯಲ್ಲದ ಸ್ತ್ರೀಗೆ ರಕ್ತದ ಡೆಸಿಲೀಟರಿಗೆ 12 ಗ್ರಾಮ್ ಹಿಮೊಗ್ಲೋಬಿನ್ ಇರಬೇಕು. ಅದು ಸರಿಯಿದ್ದೂ ಬಳಲಿಕೆಯಿದ್ದರೆ ಥೈರಾಯ್ಡ್ ಗ್ರಂಥಿಯನ್ನು ವಿಚಾರಿಸಬೇಕು. ಮುಟ್ಟಿನ ಸ್ರಾವ ಅತಿಯಾಗಿದ್ದರೆ ನಾಚಿಕೆಯಿಂದ ಮುಚ್ಚಿಡದೆ ಹೇಳಬೇಕು. ಸರ್ಕಾರದ ಕಬ್ಬಿಣದ ಮಾತ್ರೆಗೆ ಹೊಳೆಯುವ ಸೀಸೆಯಿಲ್ಲ. ಅದರಿಂದಲೇ ಅದಕ್ಕೆ ಅನಾದರ! ಅದನ್ನೂ ಕಾಫಿಯ ಜೊತೆಗೆ ನುಂಗಿದರೆ ಕಬ್ಬಿಣವು ಮೈಗೆ ಹತ್ತುವುದು ಕಡಿಮೆ. ನಿಂಬೆಯ ಹುಳಿ ಅದಕ್ಕೆ ಸಹಾಯಕ.

ಆ ಮಾತ್ರೆಯಲ್ಲಿ ಕಬ್ಬಿಣದೊಡನೆ ಫೋಲಿಕ್ ಆಮ್ಲವೂ ಉಂಟು. ಅದರ ಕಥೆ ಆರಂಭವಾದದ್ದೂ ಬಟ್ಟೆಯ ಕೆಲಸದ ಹೆಂಗಸರಿಂದಲೇ. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದು, ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರ ರಕ್ತಹೀನತೆಯನ್ನು ಅಭ್ಯಸಿಸಿದರು. ಬಡವರ ಊಟದಲ್ಲಿ ಏನೋ ಒಂದು ಕೊರತೆಯಿದೆಯೆಂದು ಊಹಿಸಿ, ಯೀಸ್ಟಿನ ಸಾರವನ್ನು ಕೊಟ್ಟು ಗುಣ ಕಂಡರು. 1931ರಲ್ಲಿ ಅದನ್ನು ಪ್ರಕಟಿಸಿದರು. ಆ ಸತ್ತ್ವವನ್ನು 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದವರು, ಎಲೆಯೆಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಹೆಸರಿಟ್ಟರು.

ಈ ಎಲೆಯ ಸತ್ತ್ವವು ನೀರಿನಲ್ಲಿ ಕರಗುವಂಥದು. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದೆ ಬಸಿದು ಸಾರು ಮಾಡುವ ಈ ಸೀಮೆಯ ಬಸ್ಸಾರು ಅದರಿಂದಲೇ ಜಾಣತನದ ಅಡುಗೆ. ಬಹಳ ಹೊತ್ತು ಕುದಿಸದಿದ್ದರೆ ಇನ್ನೂ ಲೇಸು. ಆದರೆ ಅದನ್ನು ಬಡಿಸುವ ತಾಯಿ ಎಲ್ಲರಿಗಿಂತ ಕಡೆಗೆ ಊಟಕ್ಕೆ ಕೂರುತ್ತಾಳೆ. ಆ ಹೊತ್ತಿಗೆ ಮುದ್ದೆಯುಂಟು, ಸಾರೂ ಒಂದಿಷ್ಟುಂಟು. ಸೊಪ್ಪಿನ ಪಲ್ಯದ ಪಾತ್ರೆ ಮಾತ್ರ ತಳ ಕಂಡಿರುತ್ತದೆ.