ಕೊಟ್ಟಿಗೆಯಲ್ಲಿ ನಿಂತ ಗಾಡಿಗಳು

ಅಮೆರಿಕದ ಹಿಸ್ಟರಿ ವಾಹಿನಿಯಲ್ಲಿ 2010ರ ಜನವರಿಯಲ್ಲಿ ಆರಂಭವಾದ ‘ಅಮೆರಿಕನ್ ಪಿಕರ್ಸ್’ ಎಂಬ ಕಾರ್ಯಕ್ರಮವನ್ನು ನಾವು ಆಸಕ್ತಿಯಿಂದ ನೋಡುತ್ತ ಬಂದಿದ್ದೇವೆ. ಅಯೋವಾ ರಾಜ್ಯದ ಲೆಕ್ಲೇರ್ ಊರಿನ ಮೈಕ್ ವುಲ್ಫ್ ಹಾಗೂ 2024ರಲ್ಲಿ ತೀರಿಕೊಂಡ ಅವರ ಗೆಳೆಯ ಫ್ರಾಂಕ್ ಫ್ರಿಟ್ಜ್ ಹಳ್ಳಿಗಳ ಕೊಟ್ಟಿಗೆ, ಉಗ್ರಾಣಗಳನ್ನು ಹೊಕ್ಕು, ಧೂಳು ಹಿಡಿದ ಮೋಟಾರು ಸೈಕಲ್ಲು, ಕಾರುಗಳನ್ನು ಹುಡುಕಿ ಕೊಳ್ಳುತ್ತಿದ್ದರು. 2018ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಚೆಸ್ಟರ್‌ಫೀಲ್ಡ್ ಎಂಬಲ್ಲಿನ ಕಾಡಿನಲ್ಲಿ ದೊರೆತ ಮುರುಕು ವ್ಯಾನು, ‘ಏರೋಸ್ಮಿತ್’ ಎಂಬ ಪ್ರಸಿದ್ಧ ವಾದ್ಯತಂಡದವರು ತಮ್ಮ ಬಡತನದ ದಿನಗಳಲ್ಲಿ ಊರೂರು ಸುತ್ತಿದ ವಾಹನವಾಗಿತ್ತು!

ಆದರೆ ನಮ್ಮ ಮನಸ್ಸು ನಿಲ್ಲುವುದು ಬೆಲೆ ಕೇಳಿದೊಡನೆ ಮೌನವಾಗುವ ವೃದ್ಧರಲ್ಲಿ. ಎಂದಾದರೊಂದು ದಿನ ರಿಪೇರಿ ಮಾಡಿಸುವೆವೆಂದು ಅವರು ಹೇಳುತ್ತಾರೆ; ಗಾಡಿಯ ಸುತ್ತ ಗಿಡಗಳೇ ಬೆಳೆದಿರುತ್ತವೆ.

ಆ ಮಾತು ನಮಗೆ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ, ತಂದೆಯವರ ಜಾವಾ ನಮ್ಮ ಹಿತ್ತಿಲ ಕೊಟ್ಟಿಗೆಯಲ್ಲಿ ನಿಂತಿದೆ. ಬಟ್ಟೆಯ ಗಂಟುಗಳನ್ನು ಅದರ ಮೇಲೆ ಹೇರಿಕೊಂಡು ಸಂತೆಯಿಂದ ಸಂತೆಗೆ ಹೋಗಿ ಅವರು ನಮ್ಮೆಲ್ಲರನ್ನು ಓದಿಸಿದರು. ತಂದೆಯವರ ಕಾಯಕದ ಸಾಧನವನ್ನು ಮಾರಲಾಗದೆಂಬುದು ಅಣ್ಣನವರ ವಾದ. ತುಕ್ಕು ಹಿಡಿಯಲು ಬಿಡುವುದು ಯಾವ ಗೌರವವೆಂಬುದು ನಮ್ಮ ಪ್ರಶ್ನೆ. (ಕೊಟ್ಟಿಗೆಗೆ ಬಾಡಿಗೆ ಕೊಡಬೇಕಾಗಿದ್ದರೆ ಈ ವಾದ ಎಂದೋ ಮುಗಿಯುತ್ತಿತ್ತು.) ಕೊನೆಗೆ ತಾಯಿಯವರನ್ನೇ ಕೇಳಿದೆವು. ಓಡಿಸುವವನಿದ್ದರೆ ಕೊಡಿ, ಬಿಡಿಭಾಗಗಳಿಗಾಗಿ ಬಿಚ್ಚುವವನಿಗೆ ಬೇಡ ಎಂದರು. ಈವರೆಗೆ ಬಂದ ಮೂವರೂ ಬಿಚ್ಚುವವರೇ. ನಾಲ್ಕನೆಯವರು ಮುಂದಿನ ಸೋಮವಾರ ಬರುವವರಿದ್ದಾರೆ.