ಬಿಟ್ಟುಹೋದ ಒಂದು ಪದ

ಇಂಡೊನೇಷ್ಯಾದ ಭಾಷೆಯಲ್ಲಿ ವಿಭಕ್ತಿ ಪ್ರತ್ಯಯಗಳಿಲ್ಲ. ಕನ್ನಡದಲ್ಲಿ ‘ಚಾಕುವಿನಿಂದ ಕೊಯ್ದ’ ಎನ್ನುವಾಗ ‘ಇಂದ’ ಮಾಡುವ ಕೆಲಸವನ್ನು ಅಲ್ಲಿ ‘ಪಕಾಯ್’ ಎಂಬ ಪದ ಮಾಡುತ್ತದೆ. ‘ಬಳಸಿ’ ಎಂದು ಅರ್ಥ. ನನ್ನ ಪಿಎಚ್‌ಡಿ ವಿಷಯ ತೃತೀಯಾ ವಿಭಕ್ತಿ. ಹಾಗಾಗಿ ಈ ಪದದ ಕತೆ ನನ್ನನ್ನು ಬಿಟ್ಟಿಲ್ಲ.

2016ರ ಸೆಪ್ಟೆಂಬರ್ 27ರಂದು ಜಕಾರ್ತಾದ ಗವರ್ನರ್ ಅಹೋಕ್ ಒಂದು ದ್ವೀಪದಲ್ಲಿ ಮೀನು ಸಾಕಣೆ ಯೋಜನೆಯ ಬಗ್ಗೆ ಭಾಷಣ ಮಾಡಿದರು. ಅವರು ಚೀನೀ ಮೂಲದ ಕ್ರೈಸ್ತರು. ಚುನಾವಣೆ ಹತ್ತಿರವಿತ್ತು. ಕುರಾನಿನ ಅಲ್ ಮಾಇದಾ ಅಧ್ಯಾಯದ 51ನೇ ವಚನ ‘ಬಳಸಿ’ ನಿಮ್ಮನ್ನು ವಂಚಿಸುತ್ತಾರೆ, ಅದಕ್ಕೇ ನೀವು ನನಗೆ ಮತ ಹಾಕದಿರಬಹುದು ಎಂಬರ್ಥದ ಮಾತು ನಡುವೆ ಬಂತು. ಯಹೂದಿ, ಕ್ರೈಸ್ತರನ್ನು ‘ಔಲಿಯಾ’ ಮಾಡಿಕೊಳ್ಳಬೇಡಿ ಎನ್ನುವ ವಚನವದು. ಆ ಪದಕ್ಕೆ ಒಬ್ಬ ಅನುವಾದಕ ನಾಯಕರು ಎಂದರೆ ಇನ್ನೊಬ್ಬ ಆಪ್ತರು ಎನ್ನುತ್ತಾನೆ. ಜಗಳದ ಬುಡದಲ್ಲೇ ಅನುವಾದ ಕೂತಿತ್ತು!

ಅಕ್ಟೋಬರ್ 6ರಂದು ಬುನಿ ಯಾನಿ ಎಂಬುವರು ಭಾಷಣದ ಸುಮಾರು ಅರ್ಧ ನಿಮಿಷದ ತುಣುಕನ್ನು ಫೇಸ್‌ಬುಕ್ಕಿಗೆ ಹಾಕಿದರು. ಜೊತೆಗೆ ಬರೆದ ಸಾಲಿನಲ್ಲಿ ‘ಪಕಾಯ್’ ಇರಲಿಲ್ಲ. ಈಗ ವಂಚಿಸುವವರು ರಾಜಕಾರಣಿಗಳಲ್ಲ, ಸ್ವತಃ ವಚನವೇ ಎಂದಾಯಿತು. ವಿಚಿತ್ರವೆಂದರೆ ವಿಡಿಯೊದಲ್ಲಿ ಆ ಪದ ಕೇಳಿಸುತ್ತದೆ. ಆದರೆ ಓದಿದ ಮೇಲೆ ಕಿವಿ ಕಣ್ಣಿನ ಮಾತನ್ನೇ ಕೇಳುತ್ತದೆ. ನಮ್ಮ ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಯ ವಾಟ್ಸ್ಯಾಪ್ ಗುಂಪಿಗೂ ಮೌಲವಿಗಳ ತುಣುಕುಗಳು ಬರುತ್ತವೆ. ಗೊತ್ತಿಲ್ಲದ ಭಾಷೆ, ಕೆಳಗೆ ಕನ್ನಡದ ಸಾಲು. ‘ಅವರು ಹಾಗೆ ಹೇಳಿದ್ದು ನಿಜವಾ ದೊಡ್ಡಪ್ಪ?’ ಎಂದರೆ, ‘ಕೆಳಗೆ ಬರೆದಿದೆಯಲ್ಲ ಮಗಾ’ ಎನ್ನುತ್ತಾರೆ. ಅದೇ ದೊಡ್ಡಪ್ಪ ಮೂವತ್ತು ವರ್ಷದಿಂದ ಮೀನು ಕೊಳ್ಳುವುದು ಒಬ್ಬ ಬ್ಯಾರಿಯ ಹತ್ತಿರ. ಈಚೆಗೆ ಅಲ್ಲಿ ನಿಂತು ಹರಟುವುದನ್ನು ಬಿಟ್ಟಿದ್ದಾರೆ. ಮೀನು ಮಾತ್ರ ಬರುತ್ತದೆ.

ಡಿಸೆಂಬರ್ 2ರಂದು ಜಕಾರ್ತಾದಲ್ಲಿ ಲಕ್ಷಾಂತರ ಜನ ಸೇರಿದರು. ಮರುವರ್ಷ ಏಪ್ರಿಲ್‌ನಲ್ಲಿ ಅಹೋಕ್ ಸೋತರು. ಮೇ 9ರಂದು ಧರ್ಮನಿಂದನೆಗಾಗಿ ಎರಡು ವರ್ಷ ಜೈಲು. ಸರ್ಕಾರಿ ವಕೀಲರೇ ಕೇಳಿದ್ದು ಅದಕ್ಕಿಂತ ಕಡಿಮೆ ಶಿಕ್ಷೆ. ನವೆಂಬರ್‌ನಲ್ಲಿ ಬುನಿ ಯಾನಿಗೂ ಒಂದೂವರೆ ವರ್ಷದ ಶಿಕ್ಷೆಯಾಯಿತು.

ಒಂದು ಪದ ಸೇರಿಸಿದ್ದರೆ ಎಲ್ಲ ಸರಿಹೋಗುತ್ತಿತ್ತು ಎನ್ನಲಾರೆ. ‘ಪಕಾಯ್’ ಇದ್ದರೂ, ನಮ್ಮ ಗ್ರಂಥದ ವಿಷಯ ಕ್ರೈಸ್ತನಿಗೇಕೆ ಎಂದು ನೊಂದವರು ಬಹಳ ಮಂದಿ. ಆ ನೋವಿನಲ್ಲಿ ನ್ಯಾಯವಿದೆ ಅನ್ನಿಸುತ್ತದೆ, ಜೈಲಿನಲ್ಲಿ ಇಲ್ಲ. ಅದು ಎದುರುಬದುರು ಕೂತು ಆಡಬಹುದಾದ ಜಗಳ. ಆಡಲು ಜನವೂ ಇದ್ದರು: ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮುಸ್ಲಿಮರಿರುವ ಆ ನಗರದಲ್ಲಿ, ಇಷ್ಟೆಲ್ಲ ಆದ ಮೇಲೂ, ಅಹೋಕ್‌ಗೆ ಸುಮಾರು 42 ಶೇಕಡಾ ಮತ ಬಿದ್ದಿತ್ತು.